ಹೆಸರು ಕೆಲಸದ ಬುಡದಲ್ಲಿರಲಿ

ಮಗಳೇ, ನಿಮ್ಮ ಆಲೆಮನೆಯ ಬೆಲ್ಲವನ್ನು ನಿನ್ನದೇ ಹೆಸರಿನಲ್ಲಿ ಆನ್‌ಲೈನ್ ಮಾರಬೇಕು, ಅದಕ್ಕೆ ಮೊದಲು ಯೂಟ್ಯೂಬ್, ಇನ್‌ಸ್ಟಾಗ್ರಾಂಗಳಲ್ಲಿ ಜನ ನಿನ್ನನ್ನು ಗುರುತಿಸುವಂತಾಗಬೇಕು ಅಂತ ಹೊರಟಿದ್ದೀಯ ಎಂದು ನಿಮ್ಮಪ್ಪ ಹೇಳಿದ. ಹೇಳುವಾಗ ಅವನ ದನಿಯಲ್ಲಿ ಅರ್ಧ ಹೆಮ್ಮೆ ಇತ್ತು, ಅರ್ಧ ದಿಗಿಲಿತ್ತು. ನನಗೆ ದಿಗಿಲಿಲ್ಲ. ನಮ್ಮ ಕೃಷ್ಣರಾಜಪೇಟೆ, ಪಾಂಡವಪುರ, ನಾಗಮಂಗಲದ ಕಡೆಯ ರೈತ ಬೆಳೆದದ್ದಕ್ಕೆ ಬೆಲೆ ಕಟ್ಟಿದವರು ಯಾವತ್ತೂ ಬೇರೆಯವರೇ. ಕಬ್ಬಾದರೆ ಕಾರ್ಖಾನೆ, ಬೆಲ್ಲವಾದರೆ ಮಂಡಿ, ನಡುವೆ ದಲ್ಲಾಳಿ. ನಿಮ್ಮಪ್ಪನ ಬೆಲ್ಲ ಮಂಡ್ಯದ ಮಾರುಕಟ್ಟೆ ತಲುಪಿದ ಗಳಿಗೆಯಿಂದ ಅದು ಬರೀ ಅಚ್ಚು ಬೆಲ್ಲ, ಬರೀ ಬಕೆಟ್ ಬೆಲ್ಲ. ಯಾರ ಗದ್ದೆಯದು, ಯಾರ ಕೈಯ ಹದ ಎಂದು ಕೇಳುವವರಿಲ್ಲ. ತನ್ನ ಬೆಲ್ಲಕ್ಕೆ ತಾನೇ ಹೆಸರಿಟ್ಟು, ತಾನೇ ಬೆಲೆ ಹೇಳುವ ದಾರಿ ನಿನ್ನ ಕೈಯಲ್ಲಿರುವ ಫೋನಿನಿಂದ ತೆರೆದಿದೆ. ಧೈರ್ಯವಾಗಿ ಹೋಗು. ಹೋಗುವ ಮೊದಲು ಈ ದೊಡ್ಡಪ್ಪನ ನಾಲ್ಕು ಮಾತು ಕಿವಿಗೆ ಹಾಕಿಕೊಂಡು ಹೋಗು.

ಹೆಸರು ಹೇಗೆ ಉಳಿಯುತ್ತದೆ ಎಂಬುದಕ್ಕೆ ಸಾಕ್ಷಿ ಹುಡುಕಿಕೊಂಡು ನೀನು ದೂರ ಹೋಗಬೇಕಾಗಿಲ್ಲ. ನಮ್ಮ ಕಿಕ್ಕೇರಿಯ ಬ್ರಹ್ಮೇಶ್ವರ ದೇವಸ್ಥಾನವನ್ನು 1171ರಲ್ಲಿ, ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ ಕಟ್ಟಿಸಿದವಳು ಬಮ್ಮವೆ ನಾಯಕಿತಿ ಎಂಬ ಹೆಣ್ಣುಮಗಳು. ಎಂಟೂವರೆ ಶತಮಾನ ಕಳೆದಿದೆ. ಅವಳು ನೋಡಲು ಹೇಗಿದ್ದಳು, ಎಂಥ ಒಡವೆ ಇಡುತ್ತಿದ್ದಳು, ಎಷ್ಟು ಮಂದಿ ಅವಳನ್ನು ಹೊಗಳುತ್ತಿದ್ದರು ಎಂದು ಇವತ್ತು ಯಾರಿಗೂ ತಿಳಿಯದು. ಹೆಸರು ಮಾತ್ರ ಇದೆ. ಗುಡಿ ನಿಂತಿದೆ, ಅದಕ್ಕೇ ಹೆಸರೂ ನಿಂತಿದೆ.

ಗುಡಿ ಕಡೆದ ಶಿಲ್ಪಿಗಳ ವಿಷಯವೂ ಹೀಗೇ. ಹೊಯ್ಸಳರ ಕಾಲದ ಶಿಲ್ಪಿಗಳು ಹೆಸರು ಹಾಕಿಕೊಳ್ಳುವುದಕ್ಕೆ ನಾಚಿದವರಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರನ್ನು ಬಿರುದಿನ ಸಮೇತ ಕೆತ್ತಿಕೊಂಡಿದ್ದಾರೆ. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಲ್ಲೂ ಇದೆ, 1258ರ ಸೋಮನಾಥಪುರದಲ್ಲೂ ಇದೆ. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ತಪ್ಪು, ಅಹಂಕಾರ ಎಂದು ನಿನಗೆ ಯಾರಾದರೂ ಹೇಳಿದರೆ ಇವರನ್ನು ನೆನಪಿಸಿಕೋ. ಆದರೆ ಆ ಹೆಸರುಗಳು ಎಲ್ಲಿವೆ ಎಂಬುದನ್ನೂ ನೋಡು. ಅವು ವಿಗ್ರಹದ ಪೀಠದ ಮೇಲಿವೆ, ಪಾದದ ಕೆಳಗಿವೆ. ನೋಡುವವನ ಕಣ್ಣು ಮೊದಲು ಕೆಲಸದ ಮೇಲೆ ಬೀಳುತ್ತದೆ. ಮೆಚ್ಚಿದ ಮೇಲೆ, ಇದನ್ನು ಮಾಡಿದವರು ಯಾರಪ್ಪಾ ಎಂದು ಅವನೇ ಬಗ್ಗಿ ಹೆಸರು ಓದುತ್ತಾನೆ. ನಿನಗೆ ನಾನು ಹೇಳಬೇಕಾದದ್ದೆಲ್ಲ ಇಷ್ಟರಲ್ಲೇ ಇದೆ. ನಿನ್ನ ಹೆಸರು ನಿನ್ನ ಕೆಲಸದ ಬುಡದಲ್ಲಿರಲಿ. ಮಿಕ್ಕಿದ್ದು ಅದನ್ನು ನಡೆಸುವ ಬಗೆ.

ಕವಿ ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಊರು ನಮ್ಮದು ಎಂದು ನಾವೆಲ್ಲ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಅವರು ಹುಟ್ಟಿದ್ದು 1915ರ ಜನವರಿ 26ರಂದು. ಅವರ ಕವನ ಸಂಕಲನ ‘ಮೈಸೂರು ಮಲ್ಲಿಗೆ’ ಅಚ್ಚಾದದ್ದು 1942ರಲ್ಲಿ. ಸರ್ಕಾರಿ ಗುಮಾಸ್ತಿಕೆ ಮಾಡಿಕೊಂಡೇ ಬರೆದವರು ಅವರು. ಪುಸ್ತಕ ಮದುವೆಮನೆಗಳ ಉಡುಗೊರೆಯಾಗಿ ಕೈಯಿಂದ ಕೈಗೆ ಹೋಯಿತು. ಆಮೇಲೆ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥರ ದನಿಯಲ್ಲಿ ಓದು ಬಾರದವರ ಮನೆಗೂ ಹೋಯಿತು. ಟಿ.ಎಸ್. ನಾಗಾಭರಣರ ಸಿನಿಮಾ ಆಗಿ, ಆ ಗೀತೆಗಳಿಗೆ ರಾಷ್ಟ್ರಪ್ರಶಸ್ತಿ ಬರುವ ಹೊತ್ತಿಗೆ ಪುಸ್ತಕಕ್ಕೆ ಅರ್ಧ ಶತಮಾನ ವಯಸ್ಸಾಗಿತ್ತು. ಒಂದು ವಿಡಿಯೊ ಹಾಕಿ ಸಂಜೆಗೆ ಎಷ್ಟು ಜನ ನೋಡಿದರು ಎಂದು ಹತ್ತು ಸಲ ಫೋನು ತೆಗೆಯುವಾಗ ಈ ಲೆಕ್ಕ ನಿನ್ನ ಮನಸ್ಸಿನಲ್ಲಿರಬೇಕು.

ಅವರಿಂದ ಕಲಿಯುವುದು ಇನ್ನೂ ಒಂದಿದೆ, ಅದನ್ನು ಹೇಳುವವರು ಕಡಿಮೆ. ‘ಮೈಸೂರು ಮಲ್ಲಿಗೆ’ ಅಷ್ಟು ಪ್ರೀತಿ ಗಳಿಸಿದ ಮೇಲೆ ಅದೇ ಧಾಟಿಯಲ್ಲಿ ಬರೆಯುತ್ತಾ ಅವರು ಆರಾಮವಾಗಿ ಇರಬಹುದಿತ್ತು. ಇರಲಿಲ್ಲ. 1958ರ ‘ಶಿಲಾಲತೆ’ಯ ಹೊತ್ತಿಗೆ ಅವರ ದಾರಿ ಬದಲಾಗಿತ್ತು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1977ರಲ್ಲಿ ಬಂದದ್ದು ‘ತೆರೆದ ಬಾಗಿಲು’ ಸಂಕಲನಕ್ಕೆ. ನಾಳೆ ನಿನ್ನದೊಂದು ವಿಡಿಯೊವನ್ನು ಲಕ್ಷ ಜನ ನೋಡಬಹುದು. ಮಾರನೆಯ ದಿನದಿಂದ ಅದೇ ನಗು, ಅದೇ ಮಾತು, ಅದೇ ಹಾಡನ್ನು ಮತ್ತೆ ಮತ್ತೆ ಮಾಡು ಅಂತ ಎಲ್ಲರೂ ಒತ್ತಾಯಿಸುತ್ತಾರೆ. ಜನಕ್ಕೆ ಹಿಡಿಸಿದ್ದನ್ನು ಗಮನಿಸು, ಅದಕ್ಕೆ ಸೆರೆಯಾಗಬೇಡ. ಬೆಳೆಯುವ ಹಕ್ಕನ್ನು ಯಾರಿಗೂ ಬಿಟ್ಟುಕೊಡಬೇಡ.

ಈಗ ನಿನ್ನ ಕೆಲಸಕ್ಕೆ ಬರೋಣ. ನಿನ್ನ ಕೆಲಸ ಬೆಲ್ಲ. ಕ್ಯಾಮೆರಾ ಆಮೇಲೆ. ಬೆಲ್ಲದ ಬಗ್ಗೆ ಪೇಟೆಯ ಜನಕ್ಕೆ ಗೊತ್ತಿರುವುದು ಕಡಿಮೆ. ಹಳದಿಯಾಗಿ, ಬೆಳ್ಳಗೆ ಹೊಳೆಯುವ ಬೆಲ್ಲವೇ ಒಳ್ಳೆಯದು ಎಂದು ನಂಬಿರುವವರು ಲಕ್ಷಾಂತರ ಮಂದಿ. ಆ ಬಣ್ಣಕ್ಕಾಗಿಯೇ ಕುದಿಯುವ ಕೊಪ್ಪರಿಗೆಗೆ ಹೈಡ್ರಾಸ್ ಸುರಿಯುತ್ತಾರೆ. ಅದು ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಬಣ್ಣ ತೆಗೆಯುವ ರಾಸಾಯನಿಕ. ಸಕ್ಕರೆ ಬೆರೆಸಿ ತೂಕ ಕಟ್ಟುವವರಿದ್ದಾರೆ, ಒಲೆಗೆ ಹಳೆಯ ಟೈರು ತುರುಕುವವರೂ ಇದ್ದಾರೆ. ಇದೆಲ್ಲ ನಿನಗೂ ಗೊತ್ತು, ನಿಮ್ಮಪ್ಪನಿಗೂ ಗೊತ್ತು. ಏನೂ ಹಾಕದ ಬೆಲ್ಲ ಕಂದು ಬಣ್ಣಕ್ಕಿರುತ್ತದೆ, ಒಂದು ಅಡುಗೆಗೂ ಇನ್ನೊಂದಕ್ಕೂ ಬಣ್ಣ ಸ್ವಲ್ಪ ಬೇರೆಯಾಗುತ್ತದೆ. ಕಬ್ಬಿನ ತಳಿ, ಮಣ್ಣು, ಕಡಿದ ಕಬ್ಬು ಎಷ್ಟು ಹೊತ್ತು ಬಿಸಿಲಲ್ಲಿ ಬಿದ್ದಿತ್ತು ಎಂಬುದೆಲ್ಲ ಅದರಲ್ಲಿ ಕಾಣುತ್ತದೆ.

ನಿನ್ನ ಮೊದಲ ಪಾಠ ಇಲ್ಲೇ ಶುರುವಾಗಲಿ. ಗಾಣದಿಂದ ಬಂದ ಕಬ್ಬಿನ ಹಾಲನ್ನು ತೋರಿಸು. ಕುದಿ ಬರುವಾಗ ಮೇಲೆ ಕಟ್ಟುವ ಮಡ್ಡಿಯನ್ನು ಹೇಗೆ ತೆಗೆಯುತ್ತಾರೆ, ಬೆಂಡೆ ಗಿಡವನ್ನು ಜಜ್ಜಿ ಲೋಳೆ ಯಾಕೆ ಬಿಡುತ್ತಾರೆ, ಸುಣ್ಣ ಎಷ್ಟು ಹಾಕುತ್ತಾರೆ ಎಂದು ಹೇಳು. ಪಾಕವನ್ನು ನೀರಿಗೆ ಬಿಟ್ಟು ಹದ ನೋಡುವ ಹಿರಿಯನನ್ನು ಮಾತಾಡಿಸು. ಆತನ ಒಪ್ಪಿಗೆ ಕೇಳಿ, ಆತನ ಹೆಸರು ಹೇಳಿ ತೋರಿಸು. ನಲವತ್ತು ವರ್ಷ ಹೊಗೆ ಕುಡಿದು ಕಲಿತ ಹದವನ್ನು ನೀನು ಒಂದು ನಿಮಿಷದ ವಿಡಿಯೊದಲ್ಲಿ ನಿನ್ನ ವಿದ್ಯೆಯೆಂದು ತೋರಿಸಿಕೊಂಡರೆ ಅದು ಕಳವು. ಬೆಲ್ಲ ಕಪ್ಪಾದ ದಿನ ಕಪ್ಪಾಯಿತು ಎಂದು ಹೇಳು, ಯಾಕೆ ಆಯಿತು ಎಂದೂ ಹೇಳು. ಮಳೆಗಾಲದಲ್ಲಿ ಬೆಲ್ಲ ನೀರೊಡೆಯುತ್ತದೆ, ಹೇಗೆ ಕಾಪಾಡಿಕೊಳ್ಳಬೇಕು ಎಂದು ಕಲಿಸು. ಜನಕ್ಕೆ ತಿಳಿವಳಿಕೆ ಕೊಟ್ಟವನನ್ನು ಜನ ಮರೆಯುವುದಿಲ್ಲ. ನಿನ್ನ ವಿಡಿಯೊ ನೋಡಿ ಬೇರೆಯವರ ಬಳಿ ಬೆಲ್ಲ ಕೊಳ್ಳುವವಳಿಗೂ ಒಳ್ಳೆಯ ಬೆಲ್ಲ ಆರಿಸುವುದು ಗೊತ್ತಾದರೆ ನಿನ್ನ ಹೆಸರು ಅವಳ ಮನೆಯಲ್ಲೂ ಉಳಿಯಿತು ಅಂತಲೇ ಲೆಕ್ಕ.

ಸುಳ್ಳು ಮಾತ್ರ ಹೇಳಬೇಡ. ಇದನ್ನು ನಾನು ಬರೀ ನೀತಿಗೆ ಹೇಳುತ್ತಿಲ್ಲ. ಬೆಲ್ಲ ಮಾರುವವರು ಈಗ ತುಂಬ ಸಲೀಸಾಗಿ ಹೇಳುವ ಸುಳ್ಳೊಂದಿದೆ: ಸಕ್ಕರೆ ಕಾಯಿಲೆಯವರೂ ಇದನ್ನು ತಿನ್ನಬಹುದು ಅಂತ. ಬೆಲ್ಲದಲ್ಲಿ ಹೆಚ್ಚಿನ ಪಾಲು ಇರುವುದು ಸಕ್ಕರೆಯ ಅಂಶವೇ. ಅದು ರಕ್ತದ ಸಕ್ಕರೆ ಏರಿಸುತ್ತದೆ. ನಿನ್ನ ಮಾತು ನಂಬಿ ಯಾವುದೋ ಊರಿನ ಅಜ್ಜಿ ದಿನಾ ಬೆಲ್ಲದ ಕಾಫಿ ಕುಡಿದರೆ ಅವಳ ಕಾಲು, ಕಣ್ಣು, ಮೂತ್ರಪಿಂಡದ ಲೆಕ್ಕ ನಿನ್ನ ತಲೆಯ ಮೇಲೆ ಬರುತ್ತದೆ. ರುಚಿ ಹೇಳು, ಘಮ ಹೇಳು, ಹೋಳಿಗೆಗೆ ಯಾವ ಬೆಲ್ಲ, ಪಾಯಸಕ್ಕೆ ಯಾವ ಬೆಲ್ಲ ಎಂದು ಹೇಳು. ಔಷಧಿ ಎಂದು ಹೇಳಬೇಡ.

ಕಾನೂನೂ ಈಗ ಇದರ ಹಿಂದೆ ನಿಂತಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಸರಕು ಮಾಡಿದವರ ಮೇಲಷ್ಟೇ ಅಲ್ಲ, ಅದನ್ನು ಹೊಗಳಿ ಮಾತಾಡಿದವರ ಮೇಲೂ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ವಿಡಿಯೊ ಮಾಡುವವರಿಗಾಗಿಯೇ ಸೂಚನೆ ಹೊರಡಿಸಿತು. ಹಣ ಪಡೆದು, ಉಚಿತ ಸಾಮಾನು ಪಡೆದು, ಪ್ರವಾಸ ಪಡೆದು ಯಾವುದನ್ನಾದರೂ ಹೊಗಳಿದರೆ ಅದನ್ನು ಎದ್ದು ಕಾಣುವಂತೆ ಹೇಳಬೇಕು. ಯಾವ ಭಾಷೆಯಲ್ಲಿ ಹೊಗಳುತ್ತೀಯೋ ಅದೇ ಭಾಷೆಯಲ್ಲಿ ಹೇಳಬೇಕು. ನಿನ್ನ ವೀಕ್ಷಕರು ಹೆಚ್ಚಿದಂತೆ ಮುಖದ ಕ್ರೀಮಿನವರು, ಸಾಲದ ಆಪ್‌ನವರು, ಜೂಜಿನ ಆಟದವರು ಹಣ ಹಿಡಿದು ಬರುತ್ತಾರೆ. ಒಂದು ವರ್ಷದ ಬೆಲ್ಲದ ಲಾಭವನ್ನು ಅರ್ಧ ನಿಮಿಷದ ಮಾತಿಗೆ ಕೊಡುತ್ತೇವೆ ಎನ್ನುತ್ತಾರೆ. ನಿನ್ನ ತಮ್ಮನಿಗೆ, ನಿನ್ನ ಅಮ್ಮನಿಗೆ ಕೊಡಲು ಒಪ್ಪದ ವಸ್ತುವನ್ನು ನೋಡುಗರಿಗೆ ಕೊಡಬೇಡ. ಈ ಒಂದು ಗೆರೆ ಹಾಕಿಕೊಂಡರೆ ಸಾಕು, ಬಾಕಿ ತೀರ್ಮಾನಗಳು ಸುಲಭವಾಗುತ್ತವೆ.

ಕಾಗದ ಪತ್ರಗಳನ್ನು ಮೊದಲೇ ನೇರ ಮಾಡಿಕೋ. ತಿನ್ನುವ ಪದಾರ್ಥ ಮಾರುವವರು ಎಫ್‌ಎಸ್‌ಎಸ್‌ಎಐನಲ್ಲಿ ಹೆಸರು ದಾಖಲಿಸಿಕೊಂಡು, ಅದರ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಬೇಕು. ತೂಕ, ತಯಾರಕರ ವಿಳಾಸ, ಪ್ಯಾಕ್ ಮಾಡಿದ ದಿನ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಫೋನ್ ನಂಬರು, ಇವಿಷ್ಟೂ ಇರಬೇಕು. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೆ ಸರ್ಕಾರ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಮಾಡಿಸಿಕೊಡುತ್ತೇನೆ ಎಂದು ಸಾವಿರಗಟ್ಟಲೆ ಕೇಳುವವರಿಗೆ ಕೈ ಮುಗಿದು ಬಾ.

ಹೆಸರನ್ನು ಕೂಡ ಯೋಚಿಸಿ ಇಡು. ಮದ್ದೂರು ವಡೆ ಎಷ್ಟು ದೊಡ್ಡ ಹೆಸರು! ಮೇಲುಕೋಟೆ ಪುಳಿಯೋಗರೆ ಎಂದರೆ ಯಾರಿಗೆ ಬಾಯಲ್ಲಿ ನೀರೂರುವುದಿಲ್ಲ! ಆದರೆ ಅವು ಊರಿನ ಹೆಸರುಗಳು. ಯಾರು ಬೇಕಾದರೂ ವಡೆ ತಟ್ಟಿ ಮದ್ದೂರು ವಡೆ ಎನ್ನಬಹುದು, ಯಾವ ಊರಿನ ಕಾರ್ಖಾನೆಯಾದರೂ ಗೊಜ್ಜು ಕಲೆಸಿ ಮೇಲುಕೋಟೆಯ ಚೀಟಿ ಅಂಟಿಸಬಹುದು. ನೀನು ಬರೀ ‘ಕಿಕ್ಕೇರಿ ಬೆಲ್ಲ’, ‘ಮಂಡ್ಯ ಬೆಲ್ಲ’ ಎಂದು ಇಟ್ಟುಕೊಂಡರೆ ಟ್ರೇಡ್‌ಮಾರ್ಕ್ ಸಿಗುವುದು ಕಷ್ಟ. ಬರೀ ಊರನ್ನೂ ಸರಕನ್ನೂ ಸೂಚಿಸುವ ಹೆಸರನ್ನು ಸಾಮಾನ್ಯವಾಗಿ ಒಬ್ಬರ ಸ್ವತ್ತು ಮಾಡಲು 1999ರ ಟ್ರೇಡ್‌ಮಾರ್ಕ್ ಕಾಯ್ದೆ ಒಪ್ಪುವುದಿಲ್ಲ. ನಿನ್ನದೇ ಆದ ಒಂದು ಹೆಸರು ಇರಲಿ, ಅದರ ಜೊತೆಗೆ ಊರಿನ ಹೆಸರಿರಲಿ. ಬೆಲ್ಲಕ್ಕೆ 30ನೇ ವರ್ಗದಲ್ಲಿ ಅರ್ಜಿ ಹಾಕು. ನೋಂದಣಿ 10 ವರ್ಷಕ್ಕೆ, ಮತ್ತೆ ನವೀಕರಿಸಿಕೊಳ್ಳಬಹುದು. ಹೆಸರು ಗಟ್ಟಿ ಮಾಡುವ ಮುಂಚೆ ಅದು ಬೇರೆ ಯಾರದ್ದಾದರೂ ಆಗಿದೆಯೇ ಎಂದು ಹುಡುಕು. ಯೂಟ್ಯೂಬ್, ಇನ್‌ಸ್ಟಾಗ್ರಾಂ, ವಾಟ್ಸಾಪ್, ಜಾಲತಾಣ ಎಲ್ಲ ಕಡೆಯೂ ಒಂದೇ ಹೆಸರು, ಒಂದೇ ಕಾಗುಣಿತ ಇರುವಂತೆ ನೋಡಿಕೋ. ಅಮ್ಮಂದಿರು ಒಂದು ಸಲ ಕೇಳಿ ಎರಡನೆಯ ಸಲ ತಪ್ಪಿಲ್ಲದೆ ಹೇಳುವ ಹೆಸರಾದರೆ ಒಳ್ಳೆಯದು.

ಮಾತಿನ ವಿಷಯಕ್ಕೆ ಬಂದರೆ, ನೀನು ಮನೆಯಲ್ಲಿ ಆಡುವ ಮಾತನ್ನೇ ಆಡು. ನಮ್ಮ ಮಂಡ್ಯದ ಕನ್ನಡ ಒರಟು ಎನ್ನುವವರಿರುತ್ತಾರೆ, ಅವರ ಮಾತಿಗೆ ಕಿವಿಗೊಡಬೇಡ. ಡಾಕ್ಟರ್ ಬ್ರೋ ಎಂದು ಹೆಸರಾದ ಗಗನ್ ಶ್ರೀನಿವಾಸ್ ಯಾವ ಯಾವ ದೇಶದ ಬೀದಿಯಲ್ಲಿ ನಿಂತರೂ ಪಕ್ಕದ ಮನೆಯ ಹುಡುಗನ ಕನ್ನಡದಲ್ಲೇ ‘ನಮಸ್ಕಾರ ದೇವ್ರು’ ಎನ್ನುತ್ತಾರೆ. ಕರ್ನಾಟಕದ ಮೂಲೆಮೂಲೆಯ ಮನೆಗಳಲ್ಲಿ ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡುವುದು ಆ ಸರಳತೆಗೇ. ತೊಟ್ಟುಕೊಂಡ ಮಾತನ್ನು ಹತ್ತು ವಿಡಿಯೊದವರೆಗೆ ಎಳೆಯಬಹುದು, ಹತ್ತು ವರ್ಷ ಎಳೆಯಲಾಗದು. ನಿನ್ನ ಸಹಜ ಮಾತಿಗೆ ಆ ತೊಂದರೆ ಇಲ್ಲ. ಹೊರರಾಜ್ಯದ, ಹೊರದೇಶದ ಗಿರಾಕಿಗಳಿಗೆ ಬೇಕಾದರೆ ಕೆಳಗೆ ಇಂಗ್ಲಿಷಿನಲ್ಲಿ ಸಾಲು ಹಾಕು. ಅಮೆರಿಕದಲ್ಲಿರುವ ನಮ್ಮೂರ ಹುಡುಗರು ನಿನ್ನ ಹತ್ತಿರ ಬರುವುದು ಬೆಲ್ಲಕ್ಕಿಂತ ಮೊದಲು ಆ ಮಾತಿಗೆ.

ಆದರೆ ನೀನು ನೀನಾಗಿರು ಎಂದರೆ ಮನೆಯ ಬಾಗಿಲೆಲ್ಲ ತೆರೆದಿಡು ಎಂದಲ್ಲ. ಹೆಣ್ಣುಮಗಳು ಎಂದು ಹೆದರಿಸಲು ಹೇಳುತ್ತಿಲ್ಲ, ಗಂಡುಮಕ್ಕಳಿಗೂ ಇದನ್ನೇ ಹೇಳುತ್ತೇನೆ. ಎಲ್ಲಿದ್ದೀಯೋ ಅಲ್ಲಿಂದ ಹೊರಟ ಮೇಲೆ ಅಲ್ಲಿಯ ವಿಡಿಯೊ ಹಾಕು. ಮನೆಗೆ ಬರುವ ದಾರಿ, ಮಕ್ಕಳ ಶಾಲೆ, ಬ್ಯಾಂಕಿನ ಪುಸ್ತಕ ಪರದೆಯ ಮೇಲೆ ಬರಬಾರದು. ಮನೆಯ ಜಗಳ, ಸಾಲ, ಕಾಯಿಲೆ, ಸಾವುಗಳನ್ನು ಮಾರುವ ಸರಕು ಮಾಡಿಕೊಳ್ಳಬೇಡ. ಅವು ಬೇಗ ನೋಡುಗರನ್ನು ತರುತ್ತವೆ, ಬಂದವರು ಮತ್ತೆ ಮತ್ತೆ ಅದನ್ನೇ ಕೇಳುತ್ತಾರೆ. ಕಬ್ಬು ಕಡಿಯಲು ದೂರದಿಂದ ಬಂದವರ ಗುಡಿಸಲು, ಬರಿಮೈ, ಅವರ ಮಕ್ಕಳ ಮುಖ ನಿನ್ನ ವಿಡಿಯೊದ ಅಂದಕ್ಕೆ ಇರುವಂಥವಲ್ಲ. ತೋರಿಸಬೇಕೆಂದಿದ್ದರೆ ಕೇಳಿ ತೋರಿಸು, ಬೇಡವೆಂದರೆ ಬಿಡು.

ಇನ್ನು ಬಹಳ ಮುಖ್ಯವಾದ ಮಾತು. ನೀನು ಬೆಳೆಸುತ್ತಿರುವ ಹೆಸರು ನಿಂತಿರುವುದು ಬೇರೆಯವರ ಜಮೀನಿನಲ್ಲಿ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆಪ್‌ಗಳನ್ನು ನಿಷೇಧಿಸಿತು. ಹಳ್ಳಿಹಳ್ಳಿಯ ಹುಡುಗ ಹುಡುಗಿಯರು ವರ್ಷಗಟ್ಟಲೆ ಕೂಡಿಸಿದ ಅಭಿಮಾನಿಗಳು ಒಂದೇ ರಾತ್ರಿಗೆ ಇಲ್ಲವಾದರು. ಬೆಂಗಳೂರಿನಲ್ಲೇ ಹುಟ್ಟಿ, ಕನ್ನಡದಿಂದಲೇ ಶುರುವಾಗಿ, ಎಷ್ಟೋ ಭಾಷೆಗಳಿಗೆ ಹಬ್ಬಿದ್ದ ‘ಕೂ’ ಆಪ್ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಅಲ್ಲಿ ಬರೆದವರ ತಪ್ಪೇನೂ ಇರಲಿಲ್ಲ. ಕಂಪನಿಗಳು ಬರುತ್ತವೆ, ಹೋಗುತ್ತವೆ, ನಿಯಮ ಬದಲಿಸುತ್ತವೆ; ಒಂದು ಬೆಳಿಗ್ಗೆ ಕಾರಣ ಹೇಳದೆ ನಿನ್ನ ಖಾತೆ ಮುಚ್ಚಿದರೆ ನೀನು ಯಾರ ಮನೆಯ ಬಾಗಿಲು ತಟ್ಟುತ್ತೀಯ?

ಅದಕ್ಕೇ ನಿನ್ನ ಗಿರಾಕಿಗಳನ್ನು ನಿನ್ನ ಕೈಯಲ್ಲೇ ಇಟ್ಟುಕೋ. ಬೆಲ್ಲ ಕೊಂಡವರ ಹೆಸರು, ನಂಬರು, ಊರು, ಯಾವ ಹಬ್ಬಕ್ಕೆ ಎಷ್ಟು ತರಿಸಿಕೊಂಡರು ಎಂಬುದನ್ನು ಒಂದು ಪುಸ್ತಕದಲ್ಲೂ ಕಂಪ್ಯೂಟರಿನಲ್ಲೂ ಬರೆದಿಡು. ಅವರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ ಹಬ್ಬಕ್ಕೆ ಮುಂಚೆ ಸಂದೇಶ ಕಳಿಸು; ಆ ನಂಬರುಗಳನ್ನು ಇನ್ನೊಬ್ಬರಿಗೆ ಕೊಡಬೇಡ. ಚಿಕ್ಕದಾದರೂ ನಿನ್ನದೇ ಒಂದು ಜಾಲತಾಣ ಇರಲಿ. ಮಾಡಿದ ವಿಡಿಯೊಗಳನ್ನೆಲ್ಲ ಬೇರೆ ಡಿಸ್ಕಿನಲ್ಲಿ ಉಳಿಸು. ಖಾತೆಗಳೆಲ್ಲ ನಿನ್ನ ಇಮೇಲ್, ನಿನ್ನ ನಂಬರಿನಲ್ಲೇ ಇರಬೇಕು, ಎರಡು ಹಂತದ ಪರಿಶೀಲನೆ ಹಾಕಿರಬೇಕು. ಪ್ರಚಾರ ಮಾಡಿಕೊಡುತ್ತೇನೆ ಎಂದು ಬಂದವರ ಕೈಗೆ ಪಾಸ್‌ವರ್ಡ್ ಕೊಟ್ಟು, ಲೆಕ್ಕದ ಜಗಳವಾದ ಮೇಲೆ ಖಾತೆಯನ್ನೇ ಕಳೆದುಕೊಂಡ ಹುಡುಗರನ್ನು ನೋಡಿದ್ದೇನೆ. ನಿನ್ನ ಜಾಹೀರಾತು ಮೆಚ್ಚಿದೆವು, ಈ ಕೊಂಡಿ ಒತ್ತು, ಮುಂಗಡ ಕಳಿಸುತ್ತೇವೆ ಎಂದು ಬರುವ ಸಂದೇಶಗಳಲ್ಲಿ ಹೆಚ್ಚಿನವು ಬಲೆಗಳು. ಹಣ ಕಳೆದುಕೊಂಡ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು. ತಡ ಮಾಡಿದಷ್ಟೂ ಹಣ ಮರಳುವ ಆಸೆ ಕಡಿಮೆ.

ಸಂಖ್ಯೆಗಳಿಗೆ ಸೋಲಬೇಡ. ಯೂಟ್ಯೂಬ್ ಜಾಹೀರಾತಿನ ಹಣ ಹಂಚಿಕೊಳ್ಳಬೇಕಾದರೆ 1,000 ಚಂದಾದಾರರಿರಬೇಕು. ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ಜನ ನಿನ್ನ ವಿಡಿಯೊ ನೋಡಿರಬೇಕು, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗಳಿಗೆ 1 ಕೋಟಿ ವೀಕ್ಷಣೆ ಬಂದಿರಬೇಕು. ಅಷ್ಟಾದರೂ ಕೈಗೆ ಬರುವ ಹಣ ಏರಿಳಿಯುತ್ತಲೇ ಇರುತ್ತದೆ. ಅದರಲ್ಲೇ ಮನೆ ನಡೆಸುತ್ತೇನೆ ಎಂದು ಕೂರುವುದು ಬೇಡ. ನಿನ್ನ ಆದಾಯ ಬೆಲ್ಲದಿಂದ ಬರಲಿ, ವಿಡಿಯೊ ಅದಕ್ಕೆ ಗಿರಾಕಿ ತರಲಿ. ಹಣ ಕೊಟ್ಟು ಫಾಲೋವರ್‌ಗಳನ್ನು ಕೊಳ್ಳುವ ದಂಧೆಯ ಹತ್ತಿರವೂ ಸುಳಿಯಬೇಡ. ವಾರದ ಸಂತೆಯಲ್ಲಿ ಜಾತ್ರೆಯಂತೆ ಜನ ಸೇರಿದರೂ ವ್ಯಾಪಾರಿಯ ಮನೆ ನಡೆಸುವವನು ಮುಂದಿನ ವಾರವೂ ಅವನ ಹತ್ತಿರವೇ ಬರುವ ಗಿರಾಕಿ. ನಿನ್ನ ಕೈಬೆರಳಿನಲ್ಲಿ ಎಣಿಸಬೇಕಾದದ್ದು ಎರಡನೆಯ ಸಲ ಬೆಲ್ಲ ತರಿಸಿಕೊಂಡವರನ್ನು. ಅಂಥವರು ನೂರು ಜನ ಸಿಕ್ಕರೆ ನಿನ್ನ ಬುನಾದಿ ಬಿದ್ದಂತೆ. ಅವರೇ ಇನ್ನೂರು ಜನಕ್ಕೆ ಹೇಳುತ್ತಾರೆ.

ಹೊರಟ ಮೇಲೆ ನಿಯಮ ತಪ್ಪಬೇಡ. ವಾರಕ್ಕೊಂದು ವಿಡಿಯೊ ಎಂದರೆ ವಾರಕ್ಕೊಂದು. ಹಂಗಾಮು ಮುಗಿದು ಒಲೆ ಆರಿದ ತಿಂಗಳುಗಳಲ್ಲಿ ಕಬ್ಬಿನ ನಾಟಿ, ಕುಳೆ ಬೆಳೆ, ಹೇಮಾವತಿಯ ನಾಲೆಗೆ ನೀರು ಬಿಟ್ಟ ಸುದ್ದಿ, ಮನೆಯ ಹಬ್ಬದಡುಗೆ, ಹೇಳುವುದಕ್ಕೆ ಬೇಕಾದಷ್ಟಿದೆ. ಕಳಿಸಿದ ಪೊಟ್ಟಣ ಒಡೆದು ಹೋಯಿತು ಎಂದು ಯಾರಾದರೂ ದೂರಿದರೆ ಅಂದೇ ಉತ್ತರ ಕೊಡು. ನಿನ್ನ ತಪ್ಪಾಗಿದ್ದರೆ ಹಣ ವಾಪಸ್ ಕೊಡು ಇಲ್ಲವೇ ಬೇರೆ ಕಳಿಸು. ಕೊರಿಯರಿನವರ ಮೇಲೆ ಹಾಕಿ ಜಾರಿಕೊಳ್ಳಬೇಡ. ಗಿರಾಕಿ ಹಣ ಕೊಟ್ಟಿದ್ದು ನಿನಗೆ. ಬರೀ ಕೊಳಕು ಮಾತಾಡಲು ಬರುವವರಿಗೆ ಉತ್ತರ ಬೇಡ, ತಡೆದು ಮುಂದೆ ನಡೆ. ಬೆದರಿಕೆ ಹಾಕಿದರೆ ಮನೆಯವರಿಗೆ ಹೇಳು, ಪೊಲೀಸರಿಗೆ ಹೇಳು; ಒಬ್ಬಳೇ ನುಂಗಿಕೊಂಡು ಕೂರಬೇಡ. ದಿನದಲ್ಲಿ ಇಷ್ಟು ಹೊತ್ತಾದ ಮೇಲೆ ಫೋನು ಮುಟ್ಟುವುದಿಲ್ಲ ಎಂದು ನಿಗದಿ ಮಾಡಿಕೋ. ಜನ ಹೊಗಳಿದ ದಿನವೂ ತೆಗಳಿದ ದಿನವೂ ಗದ್ದೆಯ ಕೆಲಸ ಅಷ್ಟೇ ಇರುತ್ತದೆ. ಆ ಕೆಲಸ ನಿನ್ನನ್ನು ನೆಲದ ಮೇಲೆ ನಿಲ್ಲಿಸುತ್ತದೆ.

ಕೊನೆಯದು, ಒಬ್ಬಳೇ ಗೆಲ್ಲಬೇಕೆಂದು ಹೋಗಬೇಡ. 2015, ನಮ್ಮ ಜಿಲ್ಲೆಯಲ್ಲಿ ರೈತರ ಆತ್ಮಹತ್ಯೆಯ ಸುದ್ದಿ ಒಂದರ ಹಿಂದೊಂದು ಬರುತ್ತಿದ್ದ ವರ್ಷ. ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಮಧು ಚಂದನ್ ಊರಿಗೆ ಬಂದು, ಸಾವಯವ ರೈತರನ್ನು ಸೇರಿಸಿ ಸಹಕಾರ ಸಂಘ ಕಟ್ಟಿದರು. ‘ಆರ್ಗ್ಯಾನಿಕ್ ಮಂಡ್ಯ’ ಎಂಬ ಹೆಸರು ಹಾಗೆ ಹುಟ್ಟಿತು. ಮಾರಿದ್ದು ಬೆಲ್ಲ, ಅಕ್ಕಿ, ರಾಗಿ, ಎಣ್ಣೆಯಂಥ ನಿತ್ಯದ ಪದಾರ್ಥಗಳನ್ನೇ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೋಗುವವರು ಕಾರು ನಿಲ್ಲಿಸಿ ಅದನ್ನು ಕೇಳಿ ಕೊಳ್ಳುವಂತೆ ಮಾಡಿದ್ದು ಒಬ್ಬ ವ್ಯಕ್ತಿಯ ಮುಖದ ಜೊತೆಗೆ ನಿಂತ ಅನೇಕ ರೈತರ ಬೆಳೆ. ನಿನ್ನ ಬೆಲ್ಲಕ್ಕೆ ಬೇಡಿಕೆ ಹೆಚ್ಚಿ ನಿಮ್ಮ ಕೊಪ್ಪರಿಗೆ ಸಾಲದೆ ಹೋದ ದಿನ ನಿನಗೆ ಪರೀಕ್ಷೆ ಬರುತ್ತದೆ. ಮಂಡಿಯಿಂದ ಯಾವುದೋ ಬೆಲ್ಲ ತಂದು ನಿನ್ನ ಚೀಟಿ ಅಂಟಿಸುವುದು ಬಹಳ ಸುಲಭ. ಅಂದು ನೀನು ಪಕ್ಕದ ಊರಿನ ಒಳ್ಳೆಯ ಆಲೆಮನೆಯವರನ್ನು ಹುಡುಕಿ, ನಿನ್ನ ಕಟ್ಟುಪಾಡಿಗೆ ಒಪ್ಪಿಸಿ, ಅವರ ಹೆಸರನ್ನೂ ಪೊಟ್ಟಣದ ಮೇಲೆ ಬರೆದು, ಅವರಿಗೆ ಮಂಡಿಗಿಂತ ಒಳ್ಳೆಯ ಬೆಲೆ ಕೊಟ್ಟೆಯೆಂದರೆ, ನೀನು ಊರಿಗೇ ಒಂದು ದಾರಿ ಮಾಡಿಕೊಟ್ಟ ಹಾಗೆ. ಅದಾಗದಿದ್ದರೆ ಸರಕು ಮುಗಿದಿದೆ, ಮುಂದಿನ ಹಂಗಾಮಿಗೆ ಕಾಯಿರಿ ಎಂದು ಹೇಳು. ಕಾಯುವ ಗಿರಾಕಿ ಬೇಕಾದಷ್ಟು ಮಂದಿ ಇರುತ್ತಾರೆ.

ಹಂಗಾಮು ಶುರುವಾಗುವ ಮುಂಚೆ ಒಂದು ಹಾಳೆ ತೆಗೆದುಕೋ. ಏನು ಮಾರುತ್ತೇನೆ, ಏನನ್ನು ಎಷ್ಟೇ ಹಣ ಕೊಟ್ಟರೂ ಮಾರುವುದಿಲ್ಲ, ಏನನ್ನು ತೋರಿಸುತ್ತೇನೆ, ಏನನ್ನು ತೋರಿಸುವುದಿಲ್ಲ ಎಂದು ನಿನ್ನ ಕೈಯಾರೆ ಬರೆ. ನಿಮ್ಮಪ್ಪ ಅಮ್ಮನಿಗೆ ಓದಿ ಹೇಳು, ಆಲೆಮನೆಯ ಗೋಡೆಗೆ ಅಂಟಿಸು. ಆಮೇಲೆ ಮೊದಲ ವಿಡಿಯೊ ಮಾಡು. ನೂರು ಜನ ನೋಡಲಿ, ಹತ್ತು ಜನ ನೋಡಲಿ, ಹೇಳಿದ ಬೆಲ್ಲವನ್ನೇ ಕಳಿಸು, ಹೇಳಿದ ತೂಕವನ್ನೇ ಕಳಿಸು, ಹೇಳಿದ ದಿನವೇ ಕಳಿಸು. ಪೊಟ್ಟಣದ ಮೇಲೆ ನಿನ್ನ ಹೆಸರಿನ ಜೊತೆ ಕಿಕ್ಕೇರಿಯ ಹೆಸರೂ ಇರುತ್ತದೆ, ನೆನಪಿಟ್ಟುಕೋ. ಎರಡನ್ನೂ ಕೆಡದಂತೆ ಕಾಪಾಡು, ಮಗಳೇ.